ಹಗ್ಗವೋ ಹಾವೋ: ಅರಿವು–ವರ್ತನೆ ಚಿಕಿತ್ಸೆಯ ಬಗ್ಗೆ ಒಂದು ಸಂವಾದ

ಮನಸ್ಸಿನ ಬೇನೆಗೆ ಮಾತಿನಿಂದ ಮದ್ದು ಮಾಡಬಹುದೇ ಎಂಬ ಪ್ರಶ್ನೆ ಬಹಳ ಹಳೆಯದು. ಆ ಮಾತು ಯಾವ ಬಗೆಯದಾಗಿರಬೇಕು, ಯಾರ ಬೇನೆಯನ್ನು ಮುಟ್ಟುತ್ತದೆ, ಯಾರದನ್ನು ಮುಟ್ಟುವುದಿಲ್ಲ ಎಂಬುದನ್ನು ಅಳೆದು ನೋಡುವ ಪ್ರಯತ್ನ ಮಾತ್ರ ತೀರ ಈಚಿನದು. ಆ ಪ್ರಯತ್ನದ ಜೊತೆಜೊತೆಗೇ ಬೆಳೆದು ಬಂದ ಅರಿವು–ವರ್ತನೆ ಚಿಕಿತ್ಸೆ, ಆಸ್ಪತ್ರೆಗಳ ಆಡುಮಾತಿನಲ್ಲಿ ಸಿಬಿಟಿ, ಖಿನ್ನತೆ, ಆತಂಕ, ಗೀಳು, ನಿದ್ರಾಹೀನತೆ ಮೊದಲಾದ ತೊಂದರೆಗಳಿಗಾಗಿ ಇಂದು ಅತಿ ಹೆಚ್ಚು ಪರೀಕ್ಷೆಗೊಳಗಾಗಿರುವ ಮಾತಿನ ಚಿಕಿತ್ಸೆ. ಅದನ್ನು ಮೆಚ್ಚುವುದಕ್ಕೂ ಅನುಮಾನಿಸುವುದಕ್ಕೂ ತಕ್ಕ ಕಾರಣಗಳಿರುವುದರಿಂದ ಇಲ್ಲಿ ಎರಡು ದನಿಗಳನ್ನು ಎದುರುಬದುರು ಕೂರಿಸಲಾಗಿದೆ: ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿ ನಿವೃತ್ತರಾದ ಹಿರಿಯರೊಬ್ಬರು, ಮತ್ತು ಜಿಲ್ಲಾ ಆಸ್ಪತ್ರೆಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯಾಗಿ ದುಡಿಯುತ್ತಿರುವ, ಅವರ ಮಗಳ ವಯಸ್ಸಿನ ಹೆಣ್ಣುಮಗಳೊಬ್ಬರು.

ಹಿರಿಯರು: ನೋಡಿ ಅಮ್ಮ, ಈ ಚಿಕಿತ್ಸೆಯ ಬುಡದಲ್ಲಿರುವ ವಿಚಾರ ಹೊಸದೇನಲ್ಲ. ನಡೆದ ಸಂಗತಿಗಿಂತ ಆ ಸಂಗತಿಯ ಬಗ್ಗೆ ಮನುಷ್ಯ ಕಟ್ಟಿಕೊಂಡ ತೀರ್ಮಾನವೇ ಅವನನ್ನು ಕಲಕುತ್ತದೆ ಎಂದು ರೋಮ್ ಸಾಮ್ರಾಜ್ಯದಲ್ಲಿ ಗುಲಾಮನಾಗಿ ಬದುಕಿದ್ದ ಎಪಿಕ್ಟೆಟಸ್ ಬೋಧಿಸಿ ಸುಮಾರು 1900 ವರ್ಷಗಳಾದವು. ಬಂಧನಕ್ಕೂ ಬಿಡುಗಡೆಗೂ ಮನಸ್ಸೇ ಮೂಲ ಎಂಬುದು ನಮ್ಮಲ್ಲಿ ಹರಿಕಥೆ ಕೇಳಿ ಬೆಳೆದವರಿಗೂ ಗೊತ್ತಿರುವ ಮಾತು. ಮನೆಯಲ್ಲಿ ಯಾರಾದರೂ ಕುಗ್ಗಿ ಕೂತರೆ ‘ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಧೈರ್ಯ ತಂದುಕೋ’ ಎಂದು ಅಜ್ಜಿಯೂ ಹೇಳುತ್ತಾಳೆ. ಅಷ್ಟನ್ನೇ ಹೇಳಲು ಎರಡು ವರ್ಷದ ಎಂ.ಫಿಲ್. ತರಬೇತಿ ಏಕೆ ಬೇಕು?

ಚಿಕಿತ್ಸಕಿ: ಎಪಿಕ್ಟೆಟಸನ ಋಣವನ್ನು ಯಾರೂ ಮುಚ್ಚಿಟ್ಟಿಲ್ಲ, ಮೇಷ್ಟ್ರೇ, 1950ರ ದಶಕದಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಎಲ್ಲಿಸ್ ತಮ್ಮ ವಿಚಾರ ಚಿಕಿತ್ಸೆಯನ್ನು ರೂಪಿಸಿದಾಗ ಅವನ ಹೆಸರನ್ನು ತೆರೆದ ಮನಸ್ಸಿನಿಂದ ಸ್ಮರಿಸಿದ್ದಾರೆ. ಆದರೆ ಅಜ್ಜಿ ಹೇಳುವುದು ಬುದ್ಧಿಮಾತು, ಈ ಚಿಕಿತ್ಸೆ ಬುದ್ಧಿಮಾತಲ್ಲ. ಧೈರ್ಯ ತಂದುಕೋ ಎಂದು ಹತ್ತು ಜನರಿಂದ ಕೇಳಿಸಿಕೊಂಡೂ ಧೈರ್ಯ ಬಾರದಿದ್ದಾಗ ಖಿನ್ನತೆಯಲ್ಲಿರುವವರು ಅದನ್ನು ತಮ್ಮ ಇನ್ನೊಂದು ಸೋಲೆಂದು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಬೇನೆ ಇಳಿಯುವ ಬದಲು ಏರುತ್ತದೆ.

ಹಿರಿಯರು: ಬುದ್ಧಿ ಹೇಳುವುದಲ್ಲ ಎಂದಾದರೆ ಅಲ್ಲಿ ನಡೆಯುವುದಾದರೂ ಏನು?

ಚಿಕಿತ್ಸಕಿ: ಅದು ಹುಟ್ಟಿದ ಬಗೆಯನ್ನು ನೋಡಿದರೆ ಉತ್ತರ ಸುಲಭವಾಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಆರನ್ ಬೆಕ್ (1921–2021) ಫ್ರಾಯ್ಡ್ ಪರಂಪರೆಯಲ್ಲಿ ತರಬೇತಾದವರು. ಖಿನ್ನತೆಯೆಂದರೆ ಪರರ ಮೇಲಿನ ಸಿಟ್ಟು ಒಳಕ್ಕೆ ತಿರುಗಿ ತನ್ನನ್ನೇ ಸುಡುವುದು ಎಂಬ ಆ ಪರಂಪರೆಯ ವಿವರಣೆಯನ್ನು ದೃಢಪಡಿಸಲೆಂದೇ ಅವರು ರೋಗಿಗಳ ಕನಸುಗಳನ್ನು ಅಧ್ಯಯನ ಮಾಡಿದರು. ಕನಸುಗಳಲ್ಲಿ ಸಿಟ್ಟಿಗಿಂತ ಸೋಲು, ನಷ್ಟ, ತಿರಸ್ಕಾರಗಳೇ ತುಂಬಿದ್ದುದನ್ನು ಕಂಡು ವಿವರಣೆಯನ್ನೇ ಕೈಬಿಟ್ಟರು. ಅದೇ ಕಾಲಕ್ಕೆ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದ ರೋಗಿಯೊಬ್ಬರ ಮಾತಿನ ಅಡಿಯಲ್ಲಿ ‘ವೈದ್ಯರಿಗೆ ನನ್ನಿಂದ ಬೇಸರವಾಗುತ್ತಿದೆ’ ಎಂಬ ಇನ್ನೊಂದು ಮಾತಿನ ಸರಣಿ ಹರಿಯುತ್ತಿತ್ತೆಂದು ಅವರಿಗೆ ತಿಳಿಯಿತು. ಯಾರೂ ಕರೆಯದೆ, ಕ್ಷಣಮಾತ್ರದಲ್ಲಿ ಮೂಡಿ, ಪರೀಕ್ಷೆಯಿಲ್ಲದೆ ಸತ್ಯವೆನಿಸಿಬಿಡುವ ಇಂಥ ಆಲೋಚನೆಗಳನ್ನು ಬೆಕ್ ‘ತಾನಾಗಿ ಮೂಡುವ ಆಲೋಚನೆಗಳು’ ಎಂದು ಗುರುತಿಸಿದರು. ಖಿನ್ನತೆಯಲ್ಲಿ ಅವು ಮೂರು ಕಡೆಗೆ ಹರಿಯುತ್ತವೆ: ತಾನು ಕೈಲಾಗದವನು, ಲೋಕ ತನ್ನನ್ನು ಬೇಡವೆನ್ನುತ್ತದೆ, ಮುಂದೆಯೂ ಹೀಗೇ ಇರುತ್ತದೆ. ಚಿಕಿತ್ಸೆಯಲ್ಲಿ ರೋಗಿ ಮತ್ತು ಚಿಕಿತ್ಸಕರು ಅಕ್ಕಪಕ್ಕ ಕೂತು ಈ ಆಲೋಚನೆಯನ್ನು ಕಾಗದದ ಮೇಲೆ ಇಳಿಸುತ್ತಾರೆ, ಅದನ್ನು ಎಷ್ಟರ ಮಟ್ಟಿಗೆ ನಂಬಿದ್ದೇನೆಂದು ರೋಗಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ, ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ ಎಂದು ಇಬ್ಬರೂ ಹುಡುಕುತ್ತಾರೆ, ಮುಂದಿನ ವಾರದೊಳಗೆ ಯಾವ ಸಣ್ಣ ಪ್ರಯೋಗದಿಂದ ಅದನ್ನು ಒರೆಗೆ ಹಚ್ಚಬಹುದೆಂದು ಗೊತ್ತುಮಾಡಿಕೊಳ್ಳುತ್ತಾರೆ.

ಹಿರಿಯರು: ಇದು ನಮ್ಮ ವೇದಾಂತಿಗಳ ಹಗ್ಗ–ಹಾವಿನ ದೃಷ್ಟಾಂತಕ್ಕೆ ತೀರ ಹತ್ತಿರವಾಯಿತು. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಂಡು ನಡುಗಿಸುತ್ತದೆ. ದೀಪ ತಂದ ಕೂಡಲೇ ಹಾವೂ ಇಲ್ಲ, ನಡುಕವೂ ಇಲ್ಲ. ನಿಮ್ಮದೂ ದೀಪ ತರುವ ಕೆಲಸ ತಾನೇ?

ಚಿಕಿತ್ಸಕಿ: ದೀಪ ತಂದ ಮೇಲೂ ನಡುಕ ನಿಲ್ಲದವರೇ ಆಸ್ಪತ್ರೆಗೆ ಬರುವುದು, ಮೇಷ್ಟ್ರೇ. ಹಗ್ಗವೆಂದು ತಿಳಿದಿರುತ್ತದೆ, ಆದರೂ ಕಾಲು ಮುಂದಿಡುವುದಿಲ್ಲ. ಅಂಥವರು ಬಗ್ಗಿ, ಹಗ್ಗವನ್ನು ಕೈಯಲ್ಲಿ ಎತ್ತಿ ಹಿಡಿಯಬೇಕಾಗುತ್ತದೆ; ಚಿಕಿತ್ಸೆಯ ಹೆಸರಿನಲ್ಲಿ ಅರಿವಿನ ಪಕ್ಕದಲ್ಲಿ ವರ್ತನೆಯೂ ಇರುವುದು ಇದಕ್ಕಾಗಿ. ದಿಗಿಲಿನ ಕಾಯಿಲೆಯನ್ನೇ ತೆಗೆದುಕೊಳ್ಳಬಹುದು. ಬಸ್ಸಿನಲ್ಲಿ ಕೂತವನ ಎದೆ ಇದ್ದಕ್ಕಿದ್ದಂತೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಸಾಲದಾಗುತ್ತದೆ, ಬೆರಳ ತುದಿಗಳು ಜುಮ್ಮೆನ್ನುತ್ತವೆ, ಇನ್ನೇನು ಪ್ರಾಣ ಹೋಯಿತು ಎನಿಸುತ್ತದೆ. ಇಸಿಜಿ ಸರಿಯಿರುತ್ತದೆ, ಥೈರಾಯ್ಡ್ ಪರೀಕ್ಷೆಯೂ ಸರಿಯಿರುತ್ತದೆ. ವೈದ್ಯರು ಏನೂ ಇಲ್ಲವೆಂದು ಕಳಿಸುತ್ತಾರೆ. ಮುಂದಿನ ವಾರ ಅದೇ ಬಸ್ಸು, ಅದೇ ದಿಗಿಲು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಕೊಟ್ಟ ವಿವರಣೆಯಂತೆ, ನಿರಪಾಯಕಾರಿಯಾದ ದೈಹಿಕ ಸಂವೇದನೆಯೊಂದನ್ನು ಅನಾಹುತದ ಸೂಚನೆಯೆಂದು ಓದಿಕೊಂಡಾಗ ಭಯ ಹುಟ್ಟುತ್ತದೆ, ಭಯಕ್ಕೆ ಎದೆಬಡಿತವೂ ಉಸಿರಾಟವೂ ಏರುತ್ತವೆ, ಏರಿದ ಬಡಿತವೇ ಅನಾಹುತಕ್ಕೆ ಸಾಕ್ಷಿಯಾಗಿ ತೋರುತ್ತದೆ, ಅದರಿಂದ ಭಯ ಇಮ್ಮಡಿಸುತ್ತದೆ. ಹೀಗೆ ಕೆಲವೇ ನಿಮಿಷಗಳಲ್ಲಿ ಸುತ್ತು ಪೂರ್ಣವಾಗುತ್ತದೆ.

ಹಿರಿಯರು: ಈ ಸುತ್ತನ್ನು ರೋಗಿಗೆ ವಿವರಿಸಿ ಹೇಳಿದರೆ ಸಾಲದೇ?

ಚಿಕಿತ್ಸಕಿ: ವಿವರಣೆಯಿಂದ ಅರ್ಧ ದಾರಿ ಸಾಗುತ್ತದೆ, ಅಷ್ಟೇ. ಆ ಮನುಷ್ಯ ಪ್ರತಿಸಲವೂ ಬದುಕಿ ಉಳಿದಿದ್ದಾನೆ, ಆದರೂ ಭಯ ಏಕೆ ಕರಗಲಿಲ್ಲ ಎಂಬ ಪ್ರಶ್ನೆ ಮುಖ್ಯವಾದದ್ದು. ಅವನು ಜೇಬಿನಲ್ಲಿ ಮಾತ್ರೆ ಇಟ್ಟುಕೊಂಡಿರುತ್ತಾನೆ, ಕೈಯಲ್ಲಿ ನೀರಿನ ಬಾಟಲಿ ಹಿಡಿದಿರುತ್ತಾನೆ, ಬಾಗಿಲ ಪಕ್ಕದ ಸೀಟನ್ನೇ ಹುಡುಕುತ್ತಾನೆ, ಎದೆ ಹಿಡಿದುಕೊಂಡ ಕೂಡಲೇ ಇಳಿದುಬಿಡುತ್ತಾನೆ. ಉಳಿದದ್ದು ಮಾತ್ರೆಯಿಂದ, ಬಾಟಲಿಯಿಂದ, ಇಳಿದದ್ದರಿಂದ ಎಂದು ಮನಸ್ಸು ದಾಖಲಿಸಿಕೊಳ್ಳುವುದರಿಂದ ‘ಸಾಯುತ್ತೇನೆ’ ಎಂಬ ನಂಬಿಕೆಗೆ ಒಮ್ಮೆಯೂ ನಿಜವಾದ ಪರೀಕ್ಷೆ ಎದುರಾಗುವುದಿಲ್ಲ. ಇವನ್ನು ರಕ್ಷಣಾ ವರ್ತನೆಗಳೆಂದು ಕರೆಯುತ್ತಾರೆ, ಮತ್ತು ಇವನ್ನು ಪತ್ತೆಹಚ್ಚುವುದರಲ್ಲೇ ಚಿಕಿತ್ಸಕರ ನಿಜವಾದ ಕೌಶಲವಿದೆ. ದೇಹಕ್ಕೆ ಬೇರೆ ತೊಂದರೆಯಿಲ್ಲವೆಂದು ಖಚಿತವಾದ ಮೇಲೆ ಕೋಣೆಯಲ್ಲಿ ರೋಗಿಯೂ ಚಿಕಿತ್ಸಕರೂ ಜೊತೆಯಾಗಿ ಒಂದೆರಡು ನಿಮಿಷ ಬೇಗಬೇಗ ಜೋರಾಗಿ ಉಸಿರಾಡುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದಂತೆ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಬಸ್ಸಿನಲ್ಲಿ ಆದದ್ದೆಲ್ಲ ಕುರ್ಚಿಯಲ್ಲೇ ಆಗುತ್ತದೆ, ಮತ್ತು ತಾನಾಗಿ ಇಳಿಯುತ್ತದೆ. ಆಮೇಲೆ ಬಸ್ಸು: ಮೊದಲು ಒಂದು ನಿಲ್ದಾಣದವರೆಗೆ, ಬಳಿಕ ನಾಲ್ಕು, ಮೊದಲು ಬಾಟಲಿ ಬಿಟ್ಟು, ಆಮೇಲೆ ಮಾತ್ರೆಯನ್ನೂ ಬಿಟ್ಟು.

ಹಿರಿಯರು: ಹಾಗಾದರೆ ಇಲ್ಲಿ ಎಪಿಕ್ಟೆಟಸನಿಗಿಂತ, ನಾಯಿಗಳ ಮೇಲಿನ ಪ್ರಯೋಗಗಳಿಂದ ಕಲಿಕೆಯನ್ನು ವಿವರಿಸಿದ ಪಾವ್ಲೊವ್ ಹತ್ತಿರದವನಾದ.

ಚಿಕಿತ್ಸಕಿ: ಎರಡೂ ಹೊಳೆಗಳು ಸೇರಿವೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿಗೆ ಇಷ್ಟದ ತಿನಿಸು ಕೊಡುತ್ತ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದರು. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1958ರ ತಮ್ಮ ಪುಸ್ತಕದಲ್ಲಿ, ಮೈಯನ್ನು ಸಡಿಲಗೊಳಿಸಿ ಭಯದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿಸುವ ವಿಧಾನವನ್ನು ವ್ಯವಸ್ಥಿತವಾಗಿ ಮುಂದಿಟ್ಟರು. ಹಳೆಯ ಭಯದ ಕಲಿಕೆ ಇದರಿಂದ ಅಳಿಸಿಹೋಗುವುದಿಲ್ಲ, ಅದರ ಎದುರಿಗೆ ಹೊಸ ಕಲಿಕೆಯೊಂದು ಬೆಳೆದು ನಿಲ್ಲುತ್ತದೆ ಎಂದು ಈಗಿನ ಸಂಶೋಧಕರಲ್ಲಿ ಬಹುಮಂದಿ ತಿಳಿಯುತ್ತಾರೆ. ಹೊಸ ಜಾಗಕ್ಕೆ ಹೋದಾಗ, ಬಹಳ ದಿನ ಅಭ್ಯಾಸ ತಪ್ಪಿದಾಗ ಹಳೆಯ ಭಯ ತಲೆಯೆತ್ತುವುದು ಅದರಿಂದಲೇ. ವಾಸಿಯಾಯಿತು ಎಂದ ಮೇಲೂ ಅಭ್ಯಾಸ ಬಿಡಬೇಡಿ ಎಂದು ಹೇಳಿ ಕಳಿಸುವುದು ಸುಮ್ಮನೆ ಅಲ್ಲ.

ಸಂವಾದದ ಮೊದಲ ಬಿಸಿ ಇಲ್ಲಿಂದ ಏರುತ್ತದೆ. ಹಿರಿಯರಿಗೆ ದಿಗಿಲಿನ ಉದಾಹರಣೆ ಒಪ್ಪಿಗೆಯಾದರೂ ಅದರಿಂದ ಎಲ್ಲ ಬೇನೆಗಳಿಗೂ ಹಾರುವುದು ಒಪ್ಪಿಗೆಯಾಗುವುದಿಲ್ಲ.

ಹಿರಿಯರು: ಬಸ್ಸಿನಲ್ಲಿ ಕೂತವನು ಸಾಯುವುದಿಲ್ಲವೆಂದು ಇಸಿಜಿ ಹೇಳುತ್ತದೆ, ಆದ್ದರಿಂದ ಅಲ್ಲಿ ಹಗ್ಗವೆಂದು ಧೈರ್ಯವಾಗಿ ಹೇಳಬಹುದು. ಆದರೆ ಮಡಿ ಮಡಿ ಎನ್ನುತ್ತ ದಿನಕ್ಕೆ ಹತ್ತು ಸಲ ಮೀಯುವ ಮನೆಯ ಹಿರಿಯಾಕೆಗೆ ‘ಇದು ಕಾಯಿಲೆ, ಕೈತೊಳೆಯುವುದನ್ನು ನಿಲ್ಲಿಸಿ’ ಎಂದು ಹೇಳುವ ಅಧಿಕಾರ ಆಸ್ಪತ್ರೆಗೆ ಎಲ್ಲಿಂದ ಬಂತು? ಯಾವುದು ಆಚಾರ, ಯಾವುದು ಗೀಳು ಎಂದು ಗೆರೆ ಎಳೆಯುವವರು ಯಾರು?

ಚಿಕಿತ್ಸಕಿ: ಗೆರೆಯನ್ನು ಬಹುಪಾಲು ರೋಗಿಗಳೇ ಎಳೆದುಕೊಂಡು ಬಂದಿರುತ್ತಾರೆ. ಆಚಾರಕ್ಕೆ ಒಂದು ಮುಕ್ತಾಯವಿದೆ: ಮಿಂದಾಯಿತು, ಮಡಿ ಉಟ್ಟಾಯಿತು, ಪೂಜೆಗೆ ಕೂತಾಯಿತು. ಗೀಳಿಗೆ ಮುಕ್ತಾಯವಿಲ್ಲ, ಮಿಂದದ್ದು ಸರಿಯಾಯಿತೇ ಎಂಬ ಶಂಕೆ ಮತ್ತೆ ಬಚ್ಚಲಿಗೆ ಕಳಿಸುತ್ತದೆ, ಪೂಜೆಗೆ ಹೊತ್ತೇ ಉಳಿಯುವುದಿಲ್ಲ, ಕೈಯ ಚರ್ಮ ಒಡೆದು ರಕ್ತ ಬರುತ್ತದೆ, ‘ಇದು ಅತಿಯಾಯಿತೆಂದು ಗೊತ್ತು, ಆದರೆ ಬಿಡಲಾಗುತ್ತಿಲ್ಲ’ ಎಂದು ಆಕೆಯೇ ಕಣ್ಣೀರು ಹಾಕುತ್ತಾಳೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇಂಥವರಿಗಾಗಿ ತೋರಿಸಿದ ವಿಧಾನ ಇಂದಿಗೂ ಗೀಳಿನ ಚಿಕಿತ್ಸೆಯ ಬೆನ್ನೆಲುಬು: ಅಶುದ್ಧವೆನಿಸಿದ್ದನ್ನು ಬೇಕೆಂದೇ ಮುಟ್ಟುವುದು, ಮುಟ್ಟಿದ ಮೇಲೆ ತೊಳೆಯದೆ ಇರುವುದು, ತಳಮಳ ತೊಳೆಯದೆಯೂ ತಾನಾಗಿ ಇಳಿಯುವವರೆಗೆ ಅದರೊಡನೆ ಕೂರುವುದು. ರೋಗಿಯ ಒಪ್ಪಿಗೆಯಿಲ್ಲದೆ ಇದರಲ್ಲಿ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ಆಕೆಯ ಗುರಿ ಮಡಿಯನ್ನೇ ಬಿಡುವುದಾಗಿರಬೇಕಿಲ್ಲ. ಮನೆಯ ಉಳಿದ ಹಿರಿಯರಂತೆ ಒಮ್ಮೆ ಮಿಂದು ನೆಮ್ಮದಿಯಾಗಿ ಪೂಜೆ ಮಾಡುವುದಾಗಿರಬಹುದು.

ಹಿರಿಯರು: ಉತ್ತರ ಸೌಮ್ಯವಾಗಿದೆ, ಆದರೆ ಪ್ರಶ್ನೆ ಪೂರ್ತಿ ಹೋಗಲಿಲ್ಲ. ಆಕೆ ಬಂದದ್ದು ತಾನಾಗಿಯೋ, ಸೊಸೆಗೆ ನೀರಿನ ಖರ್ಚು ಹೆಚ್ಚಾಯಿತೆಂದು ಮಗ ಕರೆತಂದದ್ದೋ ಎಂಬುದರ ಮೇಲೆ ಒಪ್ಪಿಗೆಯ ಅರ್ಥ ಬದಲಾಗುತ್ತದೆ.

ಚಿಕಿತ್ಸಕಿ: ಬದಲಾಗುತ್ತದೆ, ನಿಜ. ನಮ್ಮ ಕಡೆ ರೋಗಿ ಒಬ್ಬರೇ ಬರುವುದು ಅಪರೂಪ; ಮಾತಾಡುವವರು ಜೊತೆಗೆ ಬಂದವರು. ಮೊದಲ ಭೇಟಿಯಲ್ಲೇ ಅವರನ್ನು ಹೊರಗೆ ಕೂರಿಸಿ ರೋಗಿಯೊಡನೆ ಪ್ರತ್ಯೇಕವಾಗಿ ಮಾತಾಡುವುದು ಇದರಿಂದಲೇ, ಆದರೆ ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಅದು ಪ್ರತಿಸಲ ಸಾಧ್ಯವಾಗುತ್ತದೆ ಎಂದರೆ ಸುಳ್ಳಾಗುತ್ತದೆ.

ಹಿರಿಯರು: ಫಲಿತಾಂಶದ ಮಾತಿಗೆ ಬನ್ನಿ. ಪರೀಕ್ಷೆಗೊಳಗಾದ ಚಿಕಿತ್ಸೆ ಎಂದು ಎಲ್ಲರೂ ಹೇಳುತ್ತಾರೆ. ಪರೀಕ್ಷೆ ಏನು ಹೇಳಿತು?

ಚಿಕಿತ್ಸಕಿ: 2005ರಲ್ಲಿ ಪ್ರಕಟವಾದ, ಪೆನ್ಸಿಲ್ವೇನಿಯಾ ಮತ್ತು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಗಳು ಕೂಡಿ ನಡೆಸಿದ ಅಧ್ಯಯನವನ್ನು ನೋಡಬಹುದು. ಮಧ್ಯಮದಿಂದ ತೀವ್ರ ಮಟ್ಟದ ಖಿನ್ನತೆಯಿದ್ದ 240 ಜನರಲ್ಲಿ ಕೆಲವರಿಗೆ ಔಷಧಿ, ಕೆಲವರಿಗೆ ಈ ಚಿಕಿತ್ಸೆ ಕೊಟ್ಟಾಗ 16 ವಾರಗಳ ಕೊನೆಗೆ ಎರಡೂ ಗುಂಪುಗಳಲ್ಲಿ ನೂರಕ್ಕೆ 58ರಷ್ಟು ಜನ ಗಣನೀಯವಾಗಿ ಚೇತರಿಸಿಕೊಂಡಿದ್ದರು. ಚೇತರಿಸಿಕೊಂಡವರನ್ನು ಮುಂದಿನ ಒಂದು ವರ್ಷ ಗಮನಿಸಿದಾಗ, ಔಷಧಿ ನಿಲ್ಲಿಸಿದವರಲ್ಲಿ ನೂರಕ್ಕೆ 76 ಜನರಿಗೆ ಖಿನ್ನತೆ ಮರುಕಳಿಸಿತು, ಮಾತಿನ ಚಿಕಿತ್ಸೆ ಮುಗಿಸಿದವರಲ್ಲಿ ಅದು 31. ಔಷಧಿ ಇರುವವರೆಗೆ ಕಾಪಾಡುತ್ತದೆ. ಇಲ್ಲಿ ಕಲಿತದ್ದು ಚಿಕಿತ್ಸೆ ಮುಗಿದ ಮೇಲೂ ಜೊತೆಗಿರುತ್ತದೆ. ನಿದ್ರಾಹೀನತೆಯ ವಿಷಯದಲ್ಲಂತೂ ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ನಿದ್ರೆಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಶಿಫಾರಸು ಮಾಡಿತು.

ಹಿರಿಯರು: ನೂರಕ್ಕೆ 58 ಎಂದರೆ ಉಳಿದ 42 ಜನ?

ಚಿಕಿತ್ಸಕಿ: ಅವರಿಗೆ ಸಾಕಷ್ಟು ಗುಣ ಕಾಣಲಿಲ್ಲ, ಔಷಧಿಯಿಂದಲೂ ಅಷ್ಟೇ ಮಂದಿಗೆ ಕಾಣಲಿಲ್ಲ. ಅಷ್ಟೇ ಅಲ್ಲ, ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದೆಡೆ ಈ ಚಿಕಿತ್ಸೆಯ ಫಲ ಔಷಧಿಗಿಂತ ಹಿಂದೆ ಬಿತ್ತು. ಅಲ್ಲಿನ ಚಿಕಿತ್ಸಕರ ಅನುಭವ ಕಡಿಮೆಯಿದ್ದುದು ಕಾರಣವಿರಬಹುದೆಂದು ಸಂಶೋಧಕರೇ ಬರೆದರು. ಮಾತ್ರೆಯ ಶಕ್ತಿ ಕೊಡುವವರ ಕೈಯನ್ನು ಅಷ್ಟಾಗಿ ಅವಲಂಬಿಸುವುದಿಲ್ಲ, ಈ ಚಿಕಿತ್ಸೆಯದು ಅವಲಂಬಿಸುತ್ತದೆ.

ಹಿರಿಯರು: ಇನ್ನೊಂದು ಪರೀಕ್ಷೆಯನ್ನು ನೀವು ಹೇಳಲಿಲ್ಲ, ಅದನ್ನು ಈ ಕಡೆಯಿಂದ ನೆನಪಿಸಬೇಕಾಗಿದೆ. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಬೆಕ್ ಅವರ ಚಿಕಿತ್ಸೆಯನ್ನು ಬಿಡಿಬಿಡಿಯಾಗಿ ಬಿಚ್ಚಿ, ಒಂದು ಗುಂಪಿಗೆ ಪೂರ್ತಿ ಚಿಕಿತ್ಸೆ, ಇನ್ನೊಂದಕ್ಕೆ ಆಲೋಚನೆಯ ತಂಟೆಗೇ ಹೋಗದೆ ದಿನಚರಿಯನ್ನು ಚುರುಕುಗೊಳಿಸುವ ಭಾಗವನ್ನಷ್ಟೇ ಕೊಟ್ಟು ನೋಡಿದರು. ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. ದೀಪವೇ ಇಲ್ಲದೆ ಭಯ ಹೋಯಿತೆಂದರೆ ಅರಿವಿನ ಸಿದ್ಧಾಂತಕ್ಕೆ ಉಳಿದ ಗತಿಯೇನು? ಆಲೋಚನೆ ತಪ್ಪಿದ್ದರಿಂದ ಖಿನ್ನತೆ ಬಂದಿತೋ, ಖಿನ್ನತೆ ಬಂದದ್ದರಿಂದ ಆಲೋಚನೆ ತಪ್ಪಿತೋ ಎಂಬುದೂ ಇತ್ಯರ್ಥವಾದಂತಿಲ್ಲ.

ಚಿಕಿತ್ಸಕಿ: ಆ ಏಟು ಸರಿಯಾದ ಜಾಗಕ್ಕೇ ಬಿದ್ದಿದೆ. ಖಿನ್ನತೆಯಲ್ಲಿರುವವರು ಹಾಸಿಗೆ ಬಿಟ್ಟೇಳುವುದಿಲ್ಲ, ನೆಂಟರ ಮನೆಗೆ ಹೋಗುವುದಿಲ್ಲ, ಇಷ್ಟದ ಕೆಲಸವನ್ನು ಮುಟ್ಟುವುದಿಲ್ಲ. ಬದುಕಿನಿಂದ ಸಿಗುವ ಸಣ್ಣಪುಟ್ಟ ಸಂತೋಷಗಳು ಬತ್ತಿದಷ್ಟೂ ಖಿನ್ನತೆ ಗಟ್ಟಿಯಾಗುತ್ತದೆ. ಹುಮ್ಮಸ್ಸು ಬರಲಿ ಎಂದು ಕಾಯದೆ, ಬೆಳಿಗ್ಗೆ ಏಳಕ್ಕೆ ಅಂಗಳ ಗುಡಿಸುವುದು, ಸಂಜೆ ಒಬ್ಬರನ್ನು ಮಾತಾಡಿಸುವುದು ಎಂದು ಬರೆದಿಟ್ಟು ನಡೆಸಿದರೆ ಹುಮ್ಮಸ್ಸು ಹಿಂದಿನಿಂದ ಬರುತ್ತದೆ. ಇದಕ್ಕೆ ವರ್ತನಾ ಪ್ರಚೋದನೆ ಎಂದು ಹೆಸರು. ಅಂಗಳ ಗುಡಿಸಿದವಳ ‘ನನ್ನಿಂದ ಏನೂ ಆಗದು’ ಎಂಬ ನಂಬಿಕೆ ಯಾರೂ ವಾದಿಸದೆಯೇ ಸಡಿಲವಾಯಿತು ಎಂದು ಅರಿವಿನ ಪಕ್ಷದವರು ವಾದಿಸಬಹುದು, ಆದರೆ ಅದು ಸಿದ್ಧವಾದ ಸಂಗತಿಯಲ್ಲ. ಚಿಕಿತ್ಸೆ ಕೆಲಸ ಮಾಡುತ್ತದೆ ಎಂಬುದು ಅದರ ಸಿದ್ಧಾಂತ ಸರಿ ಎಂಬುದಕ್ಕಿಂತ ಹೆಚ್ಚು ಖಚಿತ.

ಈ ಒಪ್ಪಿಗೆಯನ್ನು ಹಿರಿಯರು ಗೆಲುವೆಂದು ತೆಗೆದುಕೊಳ್ಳದೆ, ತಮ್ಮ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದ ಪ್ರಶ್ನೆಗೆ ಬರುತ್ತಾರೆ.

ಹಿರಿಯರು: ಕೇಳಬೇಕಾದ ದೊಡ್ಡ ಮಾತು ಇನ್ನೂ ಇದೆ. ಮಳೆ ಎರಡು ವರ್ಷ ಕೈಕೊಟ್ಟಿದೆ, ಕೊಳವೆಬಾವಿ ಬತ್ತಿದೆ, ಖಾಸಗಿ ಸಾಲದ ಬಡ್ಡಿ ಏರುತ್ತಿದೆ. ‘ಮುಂದೆ ದಾರಿಯಿಲ್ಲ’ ಎನ್ನುವ ರೈತನ ಆಲೋಚನೆಯಲ್ಲಿ ತಪ್ಪೆಲ್ಲಿದೆ? ಕುಡಿದು ಬಂದು ಹೊಡೆಯುವ ಗಂಡನಿದ್ದಾಗ ‘ಈ ಮನೆಯಲ್ಲಿ ನೆಮ್ಮದಿಯಿಲ್ಲ’ ಎನ್ನುವ ಹೆಂಗಸಿನ ತೀರ್ಮಾನಕ್ಕೆ ಪರ–ವಿರುದ್ಧ ಸಾಕ್ಷ್ಯ ಬರೆಸುತ್ತೀರಾ? ಅಲ್ಲಿರುವುದು ನಿಜವಾದ ಹಾವು. ನಿಜವಾದ ಹಾವಿನ ಎದುರು ನಿಂತವನ ಕೈಗೆ ದೀಪ ಕೊಟ್ಟು, ನಿನ್ನ ನೋಟವನ್ನು ತಿದ್ದಿಕೋ ಎನ್ನುವುದು ಅನ್ಯಾಯ.

ಚಿಕಿತ್ಸಕಿ: ಅದು ಅನ್ಯಾಯವೇ, ಹಾಗೆ ಮಾಡುವವರು ಈ ಚಿಕಿತ್ಸೆಯನ್ನು ಸರಿಯಾಗಿ ಕಲಿತಿಲ್ಲ. ಏಟು ತಿನ್ನುತ್ತಿರುವ ಹೆಂಗಸಿಗೆ ಮೊದಲು ಬೇಕಾದದ್ದು ಸುರಕ್ಷತೆ ಮತ್ತು ಕಾನೂನಿನ ನೆರವು, ರೈತನಿಗೆ ಸಾಲದ ದಾರಿ. ಆದರೆ ಕಷ್ಟ ನಿಜವಾಗಿದ್ದರೆ ಚಿಕಿತ್ಸೆಗೆ ಕೆಲಸವೇ ಇಲ್ಲ ಎಂಬ ತೀರ್ಮಾನವನ್ನು ಕೆಲವು ಅಧ್ಯಯನಗಳು ಬೆಂಬಲಿಸುವುದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಸುತ್ತಲಿನ ಹಳ್ಳಿಗಳಲ್ಲಿ ಆತಿಫ್ ರಹಮಾನ್ ಮತ್ತು ಸಂಗಡಿಗರು ಖಿನ್ನತೆಯಿದ್ದ 903 ಬಸುರಿಯರೊಂದಿಗೆ ನಡೆಸಿದ ಅಧ್ಯಯನ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನಮ್ಮ ಆಶಾ ಕಾರ್ಯಕರ್ತೆಯರಂತೆ ಮನೆಮನೆಗೆ ಹೋಗುವ ಅಲ್ಲಿನ ಮಹಿಳಾ ಆರೋಗ್ಯ ಕಾರ್ಯಕರ್ತೆಯರು ಕೆಲವೇ ದಿನಗಳ ತರಬೇತಿ ಪಡೆದು, ಚಿತ್ರಗಳ ನೆರವಿನಿಂದ ಈ ಚಿಕಿತ್ಸೆಯ ಸರಳ ರೂಪವನ್ನು ಬಸಿರಿನ ಕೊನೆಯ ತಿಂಗಳಿನಿಂದ ಬಾಣಂತನದ ಆಚೆಯವರೆಗೆ ಕೊಟ್ಟರು. ಹೆರಿಗೆಯಾಗಿ ಆರು ತಿಂಗಳ ಹೊತ್ತಿಗೆ ಖಿನ್ನತೆಯಲ್ಲೇ ಉಳಿದವರು ಚಿಕಿತ್ಸೆ ಪಡೆದ ಗುಂಪಿನಲ್ಲಿ ನೂರಕ್ಕೆ 23, ಪಡೆಯದ ಗುಂಪಿನಲ್ಲಿ ನೂರಕ್ಕೆ 53. ಆ ಹೆಂಗಸರ ಬಡತನ ಬದಲಾಗಿರಲಿಲ್ಲ.

ಹಿರಿಯರು: ಬಡತನ ಬದಲಾಗದೆ ಖಿನ್ನತೆ ಇಳಿಯಿತು ಎಂಬುದರಲ್ಲೇ ಒಂದು ಆತಂಕವಿದೆ. ನೋವು ಕಡಿಮೆಯಾದದ್ದು ಸಂತೋಷ; ಆದರೆ ಸಹಿಸಲಾಗದ್ದನ್ನು ಸಹಿಸಲು ಕಲಿಸಿ, ಬದಲಾಯಿಸಬೇಕಾದ ವ್ಯವಸ್ಥೆಯ ಮೇಲಿನ ಒತ್ತಡವನ್ನು ಇಳಿಸಿಬಿಟ್ಟೆವೋ ಹೇಗೆ? ಸರ್ಕಾರಗಳಿಗೆ ಇದು ಅಗ್ಗದ ದಾರಿ. ಇಂಗ್ಲೆಂಡಿನಲ್ಲಿ 2008ರಿಂದ ಇಂಥ ಚಿಕಿತ್ಸೆಯನ್ನು ದೇಶದಾದ್ಯಂತ ವಿಸ್ತರಿಸಿದಾಗ, ಜನ ಕೆಲಸಕ್ಕೆ ಮರಳಿದರೆ ಖರ್ಚು ತಾನಾಗಿ ಗಿಟ್ಟುತ್ತದೆ ಎಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯರ್ಡ್ ಬಲವಾಗಿ ವಾದಿಸಿದ್ದು ನೆನಪಿದೆ.

ಚಿಕಿತ್ಸಕಿ: ಖಿನ್ನತೆಯಲ್ಲಿ ಮುಳುಗಿದವರು ಪಂಚಾಯಿತಿ ಕಚೇರಿಗೆ ಹೋಗಿ ಅರ್ಜಿ ಕೊಡುವುದಿಲ್ಲ, ಮೇಷ್ಟ್ರೇ, ಮಗುವಿಗೆ ಮೊಲೆಯುಣಿಸಲೂ ಮನಸ್ಸು ಬಾರದವಳು ಹಕ್ಕುಗಳಿಗಾಗಿ ಹೋರಾಡುತ್ತಾಳೆಂದು ನಿರೀಕ್ಷಿಸುವುದು ಕಷ್ಟ. ಖಿನ್ನತೆ ಇಳಿದರೆ ಸಹನೆ ಹೆಚ್ಚುತ್ತದೆ ಎಂದೇ ಏಕೆ ತಿಳಿಯಬೇಕು, ಎದುರು ನಿಲ್ಲುವ ಶಕ್ತಿಯೂ ಹೆಚ್ಚಬಹುದಲ್ಲ? ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ವೃತ್ತಿಪರರಲ್ಲದ ಸ್ಥಳೀಯ ಸಮಾಲೋಚಕರಿಗೆ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳ ವರ್ತನಾ ಪ್ರಚೋದನೆಯನ್ನು ತೀವ್ರ ಖಿನ್ನತೆಯವರಿಗೂ ನೀಡಿದರು; 2017ರಲ್ಲಿ ಬಂದ ಅದರ ಫಲಿತಾಂಶದಲ್ಲಿ ಖಿನ್ನತೆ ಇಳಿದದ್ದಷ್ಟೇ ಅಲ್ಲ, ಚಿಕಿತ್ಸೆ ಪಡೆದ ಹೆಂಗಸರು ಗಂಡನಿಂದ ದೈಹಿಕ ಹಿಂಸೆಯಾಯಿತೆಂದು ಹೇಳಿದ್ದೂ ಕಡಿಮೆಯಿತ್ತು.

ಹಿರಿಯರು: ಅದು ಗಮನಿಸಬೇಕಾದ ಸಂಗತಿ. ಆದರೂ ರಾವಲ್ಪಿಂಡಿಯ ತಾಯಂದಿರ ಕಥೆ ಆರು ತಿಂಗಳಿಗೆ ಮುಗಿಯುವುದಿಲ್ಲವಲ್ಲ; ಅವರ ಮಕ್ಕಳು ದೊಡ್ಡವರಾದಾಗ ಏನಾಯಿತು?

ಚಿಕಿತ್ಸಕಿ: ಮಕ್ಕಳಿಗೆ ಸುಮಾರು ಏಳು ವರ್ಷವಾದಾಗ ಮತ್ತೆ ನೋಡಿದರು. ಚಿಕಿತ್ಸೆ ಪಡೆದ ತಾಯಂದಿರ ಮಕ್ಕಳ ಬೆಳವಣಿಗೆಗೂ ಪಡೆಯದವರ ಮಕ್ಕಳ ಬೆಳವಣಿಗೆಗೂ ವ್ಯತ್ಯಾಸ ಕಾಣಲಿಲ್ಲ. ಬಾಣಂತನದ ಸುತ್ತಲಿನ ಕೆಲವು ಭೇಟಿಗಳು ಇಡೀ ಬಾಲ್ಯವನ್ನು ಬದಲಿಸಲಾರವು ಎಂಬುದನ್ನು ಈ ಕಡೆಯವರು ಒಪ್ಪಿಕೊಳ್ಳಲೇಬೇಕು.

ಹಿರಿಯರು: ಹಾಗಾದರೆ ಯಾರಿಗೆ ಇದು ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಡಿ.

ಚಿಕಿತ್ಸಕಿ: ದಿಗಿಲು, ಸಭಾಭಯ, ನಿರ್ದಿಷ್ಟ ವಸ್ತುಗಳ ಭಯ, ಗೀಳು, ಆಘಾತದ ಬಳಿಕ ಬಿಡದೆ ಕಾಡುವ ನೆನಪುಗಳು, ನಿದ್ರಾಹೀನತೆ, ಲಘು ಮತ್ತು ಮಧ್ಯಮ ಮಟ್ಟದ ಖಿನ್ನತೆ: ಇಲ್ಲಿ ಇದನ್ನು ಮೊದಲ ಸಾಲಿನ ಚಿಕಿತ್ಸೆಯೆಂದು ಧೈರ್ಯವಾಗಿ ಹೇಳಬಹುದು. ಊಟ, ನಿದ್ರೆ, ಮಾತು ಎಲ್ಲವೂ ಕುಸಿದ ತೀವ್ರ ಖಿನ್ನತೆಯಲ್ಲಿ ಔಷಧಿಯ ಜೊತೆಗೇ ಇದು ನಿಲ್ಲಬೇಕು, ಏಕೆಂದರೆ ಯೋಚಿಸಿ ಬರೆಯುವ ಶಕ್ತಿಯೇ ಉಡುಗಿರುತ್ತದೆ. ಸಾಯುವ ಯೋಚನೆ ಬರುತ್ತಿರುವವರನ್ನು ಮೊದಲು ಕಾಪಾಡಬೇಕು, ಆಮೇಲೆ ಉಳಿದದ್ದು. ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆಗಳಲ್ಲಿ ಔಷಧಿ ಮುಂದೆ, ಇದು ಹಿಂದೆ. ಯಾರೋ ಮಾತಾಡಿದಂತೆ ಕೇಳಿಸುವ ದನಿಗಳ ಬಗೆಗಿನ ಭಯವನ್ನು ತಗ್ಗಿಸಲು ನೆರವಾಗಬಹುದು, ಔಷಧಿಯ ಜಾಗವನ್ನು ತುಂಬಲಾರದು. ಪದೇಪದೇ ಖಿನ್ನತೆ ಮರುಕಳಿಸಿದವರಿಗಾಗಿ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಬೌದ್ಧ ಧ್ಯಾನದಿಂದ ಸ್ಫೂರ್ತಿ ಪಡೆದು ಇದರ ಇನ್ನೊಂದು ರೂಪವನ್ನು ಕಟ್ಟಿದ್ದಾರೆ. ಅದರಲ್ಲಿ ಆಲೋಚನೆಯೊಡನೆ ವಾದಕ್ಕಿಳಿಯದೆ ಅದು ಬಂದು ಹೋಗುವುದನ್ನು ನೋಡುತ್ತ ಕೂರುವ ಅಭ್ಯಾಸವಿದೆ.

ಹಿರಿಯರು: ಬರೆಯಲು ಬಾರದವರು? ‘ಮೈಯೆಲ್ಲ ಉರಿ, ತಲೆ ಭಾರ, ಸುಸ್ತು’ ಎನ್ನುವುದರ ಆಚೆಗೆ ಮನಸ್ಸಿನ ಬಗ್ಗೆ ಒಂದು ಮಾತೂ ಆಡದವರು?

ಚಿಕಿತ್ಸಕಿ: ಬರವಣಿಗೆಯಿಲ್ಲದೆಯೂ ಇದನ್ನು ನಡೆಸಬಹುದೆಂದು ರಾವಲ್ಪಿಂಡಿ ತೋರಿಸಿದೆ. ಉರಿ, ಭಾರ, ಸುಸ್ತುಗಳನ್ನು ಸುಳ್ಳೆಂದು ತಳ್ಳದೆ ಅಲ್ಲಿಂದಲೇ ಶುರುಮಾಡಬೇಕು: ತಲೆ ಭಾರವಾದಾಗ ಏನು ಮಾಡುತ್ತೀರಿ, ಮಲಗಿದರೆ ಹಗುರವಾಗುತ್ತದೆಯೇ, ಹೊಲದ ಕಡೆ ಹೋದ ದಿನ ಹೇಗಿರುತ್ತದೆ ಎಂದು ಕೇಳುತ್ತ ಹೋದರೆ ದಾರಿ ತೆರೆಯುತ್ತದೆ. ಆದರೆ ಇದು ಕೆಲಸ ಬೇಡುವ ಚಿಕಿತ್ಸೆ. ಸಾಮಾನ್ಯವಾಗಿ 12ರಿಂದ 20 ಭೇಟಿಗಳು, ನಡುವೆ ಮನೆಯಲ್ಲಿ ಅಭ್ಯಾಸ. ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬರಬೇಕಾದವರು ಮೂರನೆಯ ಭೇಟಿಗೆ ನಿಂತುಹೋಗುತ್ತಾರೆ. ಅದನ್ನು ಅವರ ಅನಾಸಕ್ತಿಯೆಂದು ದಾಖಲಿಸುವುದು ದೊಡ್ಡ ತಪ್ಪು.

ಹಿರಿಯರು: ಹಾಗೆಂದರೆ ಕೊಡುವವರ ಕೊರತೆಯೇ ಮೊದಲ ಸಮಸ್ಯೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು, ಬೇರೆಬೇರೆ ತೊಂದರೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅಷ್ಟು ಜನಕ್ಕೆ 20 ಭೇಟಿಗಳನ್ನು ಯಾರು ಕೊಟ್ಟಾರು? ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟುತ್ತೀರಾ? ಅವರ ಮೇಲೆ ಈಗಲೇ ಬೇಕಾದಷ್ಟು ಹೊರೆಯಿದೆ. ಕೈಪಿಡಿ ಓದಿ ನಾಲ್ಕು ದಿನ ತರಬೇತಾದವರು ಹಗ್ಗ ಯಾವುದು, ಹಾವು ಯಾವುದು ಎಂದು ತಿಳಿಯದೆ ಎಲ್ಲರಿಗೂ ಒಂದೇ ಪಾಠ ಒಪ್ಪಿಸತೊಡಗಿದರೆ, ಅದು ಅಜ್ಜಿಯ ಬುದ್ಧಿಮಾತಿಗಿಂತ ಕೀಳಾಗುತ್ತದೆ. ಅಜ್ಜಿಗೆ ಮಗುವಿನ ಹಿನ್ನೆಲೆಯಾದರೂ ಗೊತ್ತಿರುತ್ತದೆ.

ಚಿಕಿತ್ಸಕಿ: ಆ ಭಯ ಈ ಕಡೆಯೂ ಇದೆ. ಗೋವಾದಲ್ಲಿ ಫಲ ಸಿಕ್ಕಿದ್ದು ತರಬೇತಿಯೊಂದರಿಂದಲೇ ಅಲ್ಲ, ಸಮಾಲೋಚಕರು ತಮ್ಮ ಭೇಟಿಗಳ ಧ್ವನಿಮುದ್ರಣವನ್ನು ಜೊತೆಯಾಗಿ ಕೇಳಿ, ಒಬ್ಬರನ್ನೊಬ್ಬರು ತಿದ್ದುತ್ತಿದ್ದರು. ಆ ಮೇಲ್ವಿಚಾರಣೆಯನ್ನು ಬಿಟ್ಟು ಕೈಪಿಡಿಯನ್ನಷ್ಟೇ ಹಂಚಿದರೆ ನೀವು ಹೇಳಿದ್ದೇ ಆಗುತ್ತದೆ. ಹಾಗೆಂದು ಎಂ.ಫಿಲ್. ಮುಗಿಸಿದವರು ಎಲ್ಲ ತಾಲ್ಲೂಕುಗಳಿಗೂ ಬರುವವರೆಗೆ ಕಾಯಿರಿ ಎಂದು ದಿಗಿಲಿನಿಂದ ಬಸ್ಸು ಹತ್ತಲಾರದವನಿಗೆ ಹೇಳುವಂತೆಯೂ ಇಲ್ಲ. ಸದ್ಯಕ್ಕೆ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯವಿದೆ, 2022ರ ಅಕ್ಟೋಬರಿನಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅವು ಪೂರ್ತಿ ಚಿಕಿತ್ಸೆಯಲ್ಲ, ಚಿಕಿತ್ಸೆಯ ಬಾಗಿಲು.

ಹಿರಿಯರು: ಬಾಗಿಲವರೆಗೆ ಬಂದ ರೈತನಿಗೆ ಒಳಗೆ ಏನು ಸಿಗುತ್ತದೆ?

ಚಿಕಿತ್ಸಕಿ: ಮೊದಲು ಸಾಯುವ ಯೋಚನೆಯಿದೆಯೇ ಎಂದು ನೇರವಾಗಿ ಕೇಳಬೇಕು, ಇದ್ದರೆ ಮನೆಯಲ್ಲಿರುವ ಕೀಟನಾಶಕವನ್ನು ಅವನ ಕೈಗೆ ಸಿಗದಂತೆ ಬೇರೆಡೆ ಇಡಿಸಬೇಕು. ಆಮೇಲೆ ಅವನ ಚಿಂತೆಗಳನ್ನು ಎರಡು ಭಾಗ ಮಾಡಬೇಕು: ಸಾಲ ನಿಜ, ಬತ್ತಿದ ಬಾವಿ ನಿಜ, ‘ಸಾಲ ಮಾಡಿದವನು ಮನುಷ್ಯನೇ ಅಲ್ಲ, ಮಕ್ಕಳಿಗೆ ನನ್ನಿಂದ ಭಾರ’ ಎಂಬುದು ನಿಜವಲ್ಲ. ಮೊದಲನೆಯದಕ್ಕೆ ಕೃಷಿ ಇಲಾಖೆಯೂ ಬ್ಯಾಂಕೂ ಬೇಕು, ಎರಡನೆಯದಕ್ಕೆ ಈ ಚಿಕಿತ್ಸೆ ಬೇಕು.

ಹಿರಿಯರು: ಎರಡನೆಯದನ್ನು ನೀವು ಸರಿಪಡಿಸಿ ಕಳಿಸಿದ ಮೇಲೆ ಮೊದಲನೆಯದು ಹಾಗೆಯೇ ಉಳಿದರೆ, ಆರು ತಿಂಗಳ ಬಳಿಕ ಎರಡನೆಯದೂ ಮರಳಿ ಬರುತ್ತದೆ.

ಚಿಕಿತ್ಸಕಿ: ಬರಬಹುದು, ಮೇಷ್ಟ್ರೇ. ಆ ಆರು ತಿಂಗಳು ಅವನು ಬದುಕಿರುತ್ತಾನೆ, ಬ್ಯಾಂಕಿನ ಮೆಟ್ಟಿಲು ಹತ್ತುವಷ್ಟು ತ್ರಾಣ ಅವನಲ್ಲಿರುತ್ತದೆ. ಅಲ್ಲಿ ಅವನಿಗೆ ಏನು ಸಿಗುತ್ತದೆ ಎಂಬುದು ಆಸ್ಪತ್ರೆಯ ಕೈಯಲ್ಲಿಲ್ಲ.